ಮೂರು ಕುರ್ಚಿಯ ವಕೀಲರು

ಸಿರುಗುಪ್ಪದ ಸಾವಂತ್ರಮ್ಮನ ಹಿಟ್ಟಿನ ಗಿರಣಿಯು ಇನ್ನೂ ಕಟ್ಟಿರದ ಚರಂಡಿಯೊಂದನ್ನು ಒತ್ತುವರಿ ಮಾಡಿಕೊಂಡಿರುವುದು ಸ್ಥಳ ಪರಿಶೀಲನೆಯಿಂದ ದೃಢಪಟ್ಟಿದೆ. ಆ ಚರಂಡಿಯನ್ನು ಕಟ್ಟುವ ಉದ್ದೇಶ ನದಿತೀರ ಪಟ್ಟಣ ಸುಧಾರಣಾ ನಿಗಮಕ್ಕೆ ಸದ್ಯಕ್ಕೆ ಇಲ್ಲ. ಆದರೆ ಮುಂದೊಂದು ದಿನ ಉದ್ದೇಶ ಬರಲಾರದು ಎಂದು ಯಾರೂ ಖಾತ್ರಿ ಕೊಡುವಂತಿಲ್ಲ. ಬಂದಾಗ ಚರಂಡಿ ಎಲ್ಲಿ ಹರಿಯಬೇಕೋ ಸರಿಯಾಗಿ ಅಲ್ಲಿಗೇ ಗಿರಣಿಯ ತಗಡಿನ ಚಪ್ಪರ ಒಂದು ಮೊಳ ಮುಂದೆ ಬಂದಿತ್ತು. ಆದ್ದರಿಂದ ಗಿರಣಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಲಾಯಿತು. ಓಣಿಯವರು ಬೀಸಲೆಂದು ಇಟ್ಟುಹೋಗಿದ್ದ ಜೋಳದ ಚೀಲಗಳೂ ಒಳಗೇ ಸೀಲಾದವು. ಈ ಅವಧಿಯಲ್ಲಿ ಓಣಿಯವರು ರೊಟ್ಟಿಯ ಆಸೆ ಬಿಟ್ಟು ಅನ್ನ ಉಂಡು ಸಹಕರಿಸಬೇಕೆಂದು ನಿಗಮವು ಬಾಯಿಮಾತಿನಲ್ಲಿ ಕೋರಿತು.

ಈ ಕ್ರಮಕ್ಕೆ ಬೇಕಾದ ನೋಟೀಸು ಬರೆದವರು ನಿಗಮದ ಸಿರುಗುಪ್ಪ ಕಚೇರಿಯ ತಾತ್ಕಾಲಿಕ ಕಾನೂನು ಸಲಹೆಗಾರರಾದ ಹಂಪೇಶ್ ವಕೀಲರು. ಬಳ್ಳಾರಿಯ ಕೌಲ್ ಬಜಾರಿನವರು. ಒಳ್ಳೆಯ ಮನುಷ್ಯ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಹೇಳಿದರೆ ನೀವು ನಂಬುವುದಿಲ್ಲ. ಕರಿಕೋಟು ಹಾಕಿಕೊಂಡ ದಿನದಿಂದ ಅವರು ತಾತ್ಕಾಲಿಕವಾಗಿ ಏನೇನೆಲ್ಲ ಆಗಿದ್ದರು: ಒಂದು ಬ್ಯಾಂಕಿಗೆ ಸಲಹೆಗಾರ, ಒಂದು ಕಾಲೇಜಿಗೆ ಪಾಠ ಹೇಳುವವ, ಯಾರದೋ ಬದಲಿಗೆ ಸರ್ಕಾರಿ ವಕೀಲ. ಬೀಗರ ಮನೆಗೆ ಹೋದರೆ "ಈಗೇನು ಅದೀರಿ?" ಎಂದು ಕೇಳುತ್ತಿದ್ದರೇ ಹೊರತು "ಹೆಂಗ ಅದೀರಿ?" ಎಂದು ಒಬ್ಬರೂ ಕೇಳುತ್ತಿರಲಿಲ್ಲ. ಅಂಥವರು ಎಲ್ಲೆಲ್ಲಿ ಜಾಹೀರಾತು ಕಂಡರೂ ಅಲ್ಲೆಲ್ಲ ಅರ್ಜಿ ಹಾಕುವುದು ಸಹಜ. ನಿಗಮವು ಮೂರು ಊರುಗಳಲ್ಲಿ ಮೂವರು ತಾತ್ಕಾಲಿಕ ವಕೀಲರು ಬೇಕೆಂದು ಪ್ರಕಟಿಸಿದಾಗ ಹಂಪೇಶರು ಮೂರಕ್ಕೂ ಅರ್ಜಿ ಹಾಕಿದರು, ಮೂರಕ್ಕೂ ಆಯ್ಕೆಯಾದರು.

ಒಬ್ಬ ವ್ಯಕ್ತಿ ಒಂದಕ್ಕಿಂತ ಹೆಚ್ಚು ಹುದ್ದೆ ಹೊಂದತಕ್ಕದ್ದಲ್ಲ ಎಂಬ ನಿಯಮ ನಿಗಮದಲ್ಲಿದೆ. ತಾತ್ಕಾಲಿಕ ಹುದ್ದೆಯು ಹುದ್ದೆಯೇ ಅಲ್ಲ ಎಂಬ ನಿಯಮವೂ ಇದೆ. ಇವೆರಡನ್ನೂ ಜೊತೆಗಿಟ್ಟು ಓದಿದ ಮುಖ್ಯ ಆಡಳಿತಾಧಿಕಾರಿ ದೊಡ್ಡಬಸವರಾಜ ಅವರು ಹಂಪೇಶರಿಗೆ ಮೂರು ಆದೇಶಗಳನ್ನೂ ಒಂದೇ ಲಕೋಟೆಯಲ್ಲಿ ಕೊಟ್ಟು ಎರಡು ಲಕೋಟೆ ಉಳಿಸಿದರು.

ಅದರಂತೆ ಸೋಮವಾರ, ಮಂಗಳವಾರ ಸಿರುಗುಪ್ಪದಲ್ಲಿ ನಿಗಮದ ಪರ ವಕೀಲರು. ಬುಧವಾರ, ಗುರುವಾರ ಕುರುಗೋಡಿನಲ್ಲಿ ನಿಗಮದಿಂದ ತೊಂದರೆಗೊಳಗಾದವರ ಪರ ಉಚಿತ ವಕೀಲರು. ತೊಂದರೆಯಾದ ಊರಲ್ಲೇ ವಕೀಲರು ಸಿಕ್ಕಿದರೆ ಜನ ತೊಂದರೆಯನ್ನು ದೊಡ್ಡದು ಮಾಡುತ್ತಾರೆಂದು ಈ ಕಚೇರಿಯನ್ನು ಬೇರೆ ಊರಲ್ಲಿ ಇಡಲಾಗಿತ್ತು. ಶುಕ್ರವಾರ, ಶನಿವಾರ ಬಳ್ಳಾರಿಯಲ್ಲಿ ಇಬ್ಬರ ವಾದವನ್ನೂ ಕೇಳಿ ತೀರ್ಪು ಕೊಡುವ ವಿಚಾರಣಾಧಿಕಾರಿ. ಮೂರೂ ಆದೇಶಗಳ ಕೊನೆಯಲ್ಲಿ ಒಂದೇ ಸಾಲು: "ಸದರಿ ನೇಮಕಾತಿಯು ನಿಗಮದಲ್ಲಿ ಪ್ರಕರಣ ಬಾಕಿ ಇರುವವರೆಗೆ ಮಾತ್ರ." ಬಾಕಿ ಇದ್ದದ್ದು ಸಾವಂತ್ರಮ್ಮನ ಪ್ರಕರಣ ಒಂದೇ. ಮಿಕ್ಕ ಅಂಗಡಿಯವರು ಸಂಜೆ ಹೊತ್ತು ಅಧಿಕಾರಿಗಳ ಮನೆಗೆ ಹೋಗಿ ಮಾತಾಡಿ ಬಂದಿದ್ದರು, ಅವರ ಚಪ್ಪರಗಳ ಕೆಳಗೆ ಚರಂಡಿ ಬರುವ ಸಾಧ್ಯತೆ ತಾನಾಗಿಯೇ ಕಡಿಮೆಯಾಗಿತ್ತು. ಸಾವಂತ್ರಮ್ಮನಿಗೆ ಆ ದಾರಿ ಹೊಳೆಯಲಿಲ್ಲ. ಗಂಡ ಸತ್ತಮೇಲೆ ಒಬ್ಬಳೇ ಗಿರಣಿ ನಡೆಸಿ ಮಗಳ ಮದುವೆ ಮಾಡಿದ ಹೆಂಗಸು ಅವಳು; ಬೀಗ ತೆಗೆಯದಿದ್ದರೆ ಅವಳ ಹೊಟ್ಟೆಗೇ ಬೀಗ.

ಅವಳು ಒಂದು ಗುರುವಾರ ಕುರುಗೋಡಿಗೆ ಬಂದಳು. ಮೇಜಿನ ಹಿಂದೆ ಕೂತವರನ್ನು ಕಂಡು ಬಾಗಿಲಲ್ಲೇ ನಿಂತಳು.

"ನೀವ ಅಲ್ಲೇನ್ರಿ, ಸಿರುಗುಪ್ಪದಾಗ ಸೀಲು ಹಾಕಿಸಿದೋರು?"

"ಅವರು ಸೋಮವಾರದವರು ಅವ್ವಾ. ನಾ ಗುರುವಾರದವ," ಅಂದರು ಹಂಪೇಶ್ ವಕೀಲರು. "ಬರ್ರಿ, ಕುಂದರ್ರಿ."

"ಮಾರಿ ಒಂದ ಐತಲ್ರಿ."

"ಮಾರಿ ಒಂದ. ಆದೇಶ ಬ್ಯಾರೆ."

ಸಾವಂತ್ರಮ್ಮ ಕೂತಳು. ವಕೀಲರು ತಾವೇ ಬರೆದ ನೋಟೀಸನ್ನು ಬಿಡಿಸಿ ಮೊದಲ ಸಲ ನೋಡುವವರಂತೆ ಓದಿದರು. ಓದುತ್ತ ಓದುತ್ತ ಅವರ ಮುಖ ಕೆಂಪಗಾಯಿತು. ಇಲ್ಲದ ಚರಂಡಿಯನ್ನು ಒತ್ತುವರಿ ಮಾಡುವುದು ಹೇಗೆ? ಇಂಥ ನೋಟೀಸು ಬರೆದವನಿಗೆ ಕಾನೂನಿನ ಗಂಧಗಾಳಿ ಇಲ್ಲ, ಅವನು ಪರೀಕ್ಷೆ ಪಾಸಾದದ್ದೇ ಅನುಮಾನ ಎಂದು ಅವರು ಮನಸಾರೆ ಬೈದರು. ಅದನ್ನೇ ಸ್ವಲ್ಪ ಸಭ್ಯ ಮಾತಿನಲ್ಲಿ ಉತ್ತರವಾಗಿ ಬರೆದು ಸಿರುಗುಪ್ಪಕ್ಕೆ ಕಳಿಸಿದರು. ಸೋಮವಾರ ಆ ಉತ್ತರ ಅವರ ಕೈಗೇ ಬಂತು. ಓದಿ ಬಹಳ ಬೇಜಾರು ಮಾಡಿಕೊಂಡರು. ಮಧ್ಯಾಹ್ನ ಊಟ ಸೇರಲಿಲ್ಲ.

ಅವರ ಪ್ರಾಮಾಣಿಕತೆ ಎಂಥದೆಂದರೆ, ಒಂದು ಕಡೆಯ ಗುಟ್ಟನ್ನು ಇನ್ನೊಂದು ಕಡೆ ಬಳಸಬಾರದೆಂದು ಬಸ್ಸಿನಲ್ಲಿ ಕಣ್ಣು ಮುಚ್ಚಿ ಕೂತು ಎಲ್ಲವನ್ನೂ ಮರೆಯಲು ಹೆಣಗಾಡುತ್ತಿದ್ದರು. ಕುರುಗೋಡು ಬರುವಷ್ಟರಲ್ಲಿ ಬಹುಪಾಲು ಮರೆತಿರುತ್ತಿತ್ತು. ಮನೆಗೆ ತರಬೇಕಾದ ಸಾಮಾನು ಕೂಡ ಅದರ ಜೊತೆಗೇ ಮರೆತುಹೋಗುತ್ತಿತ್ತು. ಹೆಂಡತಿ ಶೀಲಾ ಒಂದು ದಿನ ಕೇಳಿಯೇಬಿಟ್ಟಳು: "ನಿಮಗ ನೀವ ನೋಟೀಸ್ ಕಳಸ್ತೀರಿ, ನೀವ ಉತ್ತರಾ ಬರೀತೀರಿ. ನಾ ಒಂದು ಮಾತು ಕೇಳಿದ್ರ ಉತ್ತರಾ ಕೊಡಾಕ ಪುರುಸೊತ್ತಿಲ್ಲ. ನಾನೂ ಅರ್ಜಿ ಬರದು ಕುರುಗೋಡಿಗೆ ಬರ್ಲೇನು?" ವಕೀಲರು ಬುಧವಾರ ಬಾ ಅಂದರು, ಗುರುವಾರ ರಶ್ ಇರುತ್ತದೆ.

ವಿಚಾರಣೆ ಒಂದು ಶುಕ್ರವಾರ ಬಳ್ಳಾರಿಯಲ್ಲಿ ನಡೆಯಿತು. ಕೋಣೆಯಲ್ಲಿ ಮೂರು ಕುರ್ಚಿ: ಎಡಕ್ಕೆ ನಿಗಮದ ವಕೀಲರದು, ಬಲಕ್ಕೆ ಅರ್ಜಿದಾರರ ವಕೀಲರದು, ನಡುವೆ ಸ್ವಲ್ಪ ಎತ್ತರದ್ದು ವಿಚಾರಣಾಧಿಕಾರಿಯದು. ಜವಾನ ಸುಂಕಣ್ಣ ಬಾಗಿಲಲ್ಲಿ ನಿಂತು ಮೂವರನ್ನೂ ಹೆಸರು ಹಿಡಿದು ಕೂಗಿದ. ಹಂಪೇಶರು ಮೂರು ಸಲ ಒಳಗೆ ಬಂದರು. ಪ್ರತಿ ಸಲವೂ ಸುಂಕಣ್ಣ ಬಗ್ಗಿ ನಮಸ್ಕಾರ ಮಾಡಿದ, ವಿಚಾರಣಾಧಿಕಾರಿಗೆ ಮಾತ್ರ ಸ್ವಲ್ಪ ಹೆಚ್ಚು ಬಗ್ಗಿದ. ದೊಡ್ಡಬಸವರಾಜ ಅವರು ವೀಕ್ಷಕರಾಗಿ ಗೋಡೆಯ ಪಕ್ಕ ಕೂತಿದ್ದರು. ಸಾವಂತ್ರಮ್ಮ ನಿಂತಿದ್ದಳು, ಅವಳಿಗೆ ಕುರ್ಚಿ ಮಂಜೂರಾಗಿರಲಿಲ್ಲ.

ಎಡಗಡೆ ಕೂತು ಹಂಪೇಶರು ಚರಂಡಿಯ ಪರವಾಗಿ ಅಮೋಘವಾಗಿ ವಾದಿಸಿದರು. ಹುಟ್ಟಲಿರುವ ಮಗುವಿಗೂ ಆಸ್ತಿಯಲ್ಲಿ ಹಕ್ಕಿದೆ, ಹಾಗಿರುವಾಗ ಹುಟ್ಟಲಿರುವ ಚರಂಡಿಗೆ ಏಕಿಲ್ಲ ಎಂದು ಕೇಳಿದರು. ಬಲಗಡೆಗೆ ಹೋಗಿ ಆ ಮಾತಿಗೆ ಗಹಗಹಿಸಿ ನಕ್ಕರು. ನಡುವಿನ ಕುರ್ಚಿಗೆ ಬಂದು, ಸಭ್ಯತೆ ಮೀರಿ ನಗಬಾರದೆಂದು ಬಲಗಡೆಗೆ ಎಚ್ಚರಿಕೆ ಕೊಟ್ಟರು. ಮತ್ತೆ ಬಲಗಡೆಗೆ ಹೋಗಿ ಕ್ಷಮೆ ಕೇಳಿ ಬಂದರು. ಬಳ್ಳಾರಿಯ ಬಿಸಿಲು, ಮೇಲೆ ಫ್ಯಾನು ಬೇರೆ ನಿಂತಿತ್ತು. ಮೈಯೆಲ್ಲ ಬೆವತು ನೀರಾಗಿತ್ತು.

ಸಾವಂತ್ರಮ್ಮ ನಡುವೆ ಬಾಯಿ ಹಾಕಿದಳು. "ಸಾಹೇಬ್ರ, ಆ ಒಂದು ಮೊಳ ತಗಡು ನಾನ ಕತ್ತರಿಸಿ ಒಗೀತೀನಿ. ಬೀಗ ತಗೀರಿ ಸಾಕು. ಒಳಗ ಜ್ವಾಳಕ್ಕ ನುಸಿ ಹಿಡ್ಯಾಕತ್ತೈತಿ. ಓಣಿ ಮಂದಿ ನನ್ನ ಮಾರಿಗೆ ಉಗುಳಾಕತ್ತಾರ."

"ತಗಡು ಸಾಕ್ಷಿ. ಮುಟ್ಟಿದ್ರ ಇನ್ನೊಂದು ಕೇಸು ಆಗ್ತೈತಿ," ಅಂದರು ದೊಡ್ಡಬಸವರಾಜ ಅವರು, ತಾಯಿಗೆ ಬುದ್ಧಿ ಹೇಳುವ ಮಗನ ದನಿಯಲ್ಲಿ.

ಹಂಪೇಶರು ನಡುವಿನ ಕುರ್ಚಿಯಲ್ಲಿ ಕೂತು ಹಾಳೆ ಎಳೆದುಕೊಂಡರು. ನ್ಯಾಯ ಯಾವ ಕಡೆ ಇದೆ ಎನ್ನುವುದು ಅವರಿಗೆ ಸೋಮವಾರವೂ ಗೊತ್ತಿತ್ತು, ಗುರುವಾರವೂ ಗೊತ್ತಿತ್ತು. ತೀರ್ಪು ಕೊಟ್ಟರೆ ಪ್ರಕರಣ ಮುಗಿಯುತ್ತದೆ, ಮುಗಿದರೆ ಮೂರು ಕೆಲಸವೂ ಒಟ್ಟಿಗೆ ಹೋಗುತ್ತವೆ. ಹೆದರಿಕೆಯಾಯಿತು. ಆದರೂ ಬರೆದರು: "ಚರಂಡಿ ಇರುವುದಿಲ್ಲ. ಇಲ್ಲದ್ದನ್ನು ಒತ್ತುವರಿ ಮಾಡಲು ಬರುವುದಿಲ್ಲ. ಕೂಡಲೇ ಬೀಗ ತೆಗೆಯತಕ್ಕದ್ದು." ಸಹಿ ಮಾಡಿದರು. ಆ ಗಳಿಗೆಯಲ್ಲಿ ತಮ್ಮ ಬಗ್ಗೆ ತಮಗೇ ಹೆಮ್ಮೆ ಅನಿಸಿತು, ಬಹಳ ವರ್ಷಗಳ ಮೇಲೆ.

ದೊಡ್ಡಬಸವರಾಜ ಅವರು ಸಿಟ್ಟಾಗಲಿಲ್ಲ. ಎದ್ದು ಬಂದು ಆದೇಶವನ್ನು ಸಮಾಧಾನವಾಗಿ ಓದಿದರು.

"ಚಲೋ ಬರದೀರಿ ವಕೀಲ್ರ. ಸಹಿ ಆತು?"

"ಆತು ಸರ್."

"ಅಂದ್ರ ಪ್ರಕರಣ ಮುಗೀತು?"

"ಮುಗೀತು."

"ಪ್ರಕರಣ ಮುಗೀತು ಅಂದ್ರ ನಿಮ್ಮ ನೇಮಕಾತಿನೂ ಮುಗೀತು. ಈಗ ಇಲ್ಲಿ ಸಹಿ ಮಾಡಿದೋರು ಯಾರು?"

ಹಂಪೇಶರು ತಮ್ಮ ಸಹಿಯನ್ನು ನೋಡಿದರು. ಗುರುತಿನದೇ ಇತ್ತು.

"ಸಹಿ ಶುರು ಮಾಡಿದಾಗ ನೀವು ಅಧಿಕಾರಿ," ದೊಡ್ಡಬಸವರಾಜ ಅವರು ವಿವರಿಸಿದರು. "ಸಹಿ ಮುಗಿದಾಗ ದಾರಿ ಮ್ಯಾಲೆ ಹೋಗೋ ಮನುಷ್ಯ. ದಾರಿ ಮ್ಯಾಲೆ ಹೋಗೋರ ಸಹಿ ನಿಗಮದಾಗ ನಡ್ಯಂಗಿಲ್ಲ. ಹಂಗಾಗಿ ಆದೇಶ ಆಗಿಲ್ಲ. ಆದೇಶ ಆಗಿಲ್ಲ ಅಂದ್ರ ಪ್ರಕರಣ ಬಾಕಿ ಐತಿ. ಬಾಕಿ ಐತಿ ಅಂದ್ರ ನಿಮ್ಮ ಕೆಲಸಾನೂ ಐತಿ. ಕುಂದರ್ರಿ, ನೀರು ಕುಡೀರಿ."

ಹಂಪೇಶರು ನಿಯಮ ಪುಸ್ತಕ ತರಿಸಿ ಓದಿದರು. ಮಾತು ಸರಿಯಾಗಿತ್ತು. ಬಲಗಡೆಗೆ ಹೋಗಿ ಇದು ಅನ್ಯಾಯ ಎಂದು ಆಕ್ಷೇಪಿಸಿದರು. ಎಡಗಡೆಗೆ ಬಂದು ಆ ಆಕ್ಷೇಪಣೆಯನ್ನು ಎಷ್ಟು ಚೆನ್ನಾಗಿ ಮುರಿದರೆಂದರೆ, ನಡುವೆ ಕೂತು ಅದನ್ನು ಒಪ್ಪದೆ ಬೇರೆ ದಾರಿ ಉಳಿಯಲಿಲ್ಲ. ಇನ್ನೊಂದು ಪ್ರಯತ್ನವಾಗಿ ಅರ್ಧ ಸಹಿ ಮಾಡಿ ನೋಡಿದರು. ಅರ್ಧ ಸಹಿಗೆ ಸಹಿಯ ಬೆಲೆ ಇಲ್ಲವೆಂದು ಸುಂಕಣ್ಣನೇ ಹೇಳಿದ. ತಾತ್ಕಾಲಿಕ ಅಧಿಕಾರಿಯಿಂದ ಯಾವ ಪ್ರಕರಣವೂ ಎಂದಿಗೂ ಮುಗಿಯಲಾರದು ಎನ್ನುವುದು ಅಂದು ಸ್ಪಷ್ಟವಾಯಿತು. ಖಾಯಂ ಅಧಿಕಾರಿಯನ್ನು ನೇಮಿಸಲು, ಮೊದಲು ತಾತ್ಕಾಲಿಕ ಅಧಿಕಾರಿ ಒಂದಾದರೂ ಪ್ರಕರಣ ಮುಗಿಸಿ ತೋರಿಸಬೇಕೆಂಬ ಷರತ್ತಿತ್ತು.

"ಬೀಗ ತಗೀತೀರೋ ಇಲ್ಲೋ, ಅಷ್ಟು ಹೇಳಿಬಿಡ್ರಿ," ಅಂದಳು ಸಾವಂತ್ರಮ್ಮ.

ಹಂಪೇಶರು ನಿಯಮ ಪುಸ್ತಕವನ್ನು ಮತ್ತೆ ತಿರುವಿ ಹಾಕಿದರು. ಪ್ರಕರಣ ಮುಗಿಸದೆಯೂ ಗಿರಣಿಯನ್ನು ತಾತ್ಕಾಲಿಕವಾಗಿ ತೆರೆಯಬಹುದಲ್ಲ ಎಂದು ಅವರು ಸೂಚಿಸಿದರು. ತಾತ್ಕಾಲಿಕ ಎಂಬ ಶಬ್ದ ಕಿವಿಗೆ ಬಿದ್ದದ್ದೇ ದೊಡ್ಡಬಸವರಾಜ ಅವರ ಮುಖ ಅರಳಿತು. ಒಂದೇ ವಾರದಲ್ಲಿ ಈ ಕೆಳಗಿನ ಪ್ರಕಟಣೆ ಹೊರಬಿತ್ತು. ಕರಡು ಹಂಪೇಶರದೇ.

"ಸಾರ್ವಜನಿಕರ ರೊಟ್ಟಿಯ ಹಿತದೃಷ್ಟಿಯಿಂದ, ಮುಂದಿನ ಆದೇಶದವರೆಗೆ ಗಿರಣಿಯನ್ನು ತಾತ್ಕಾಲಿಕವಾಗಿ ತೆರೆಯಲಾಗಿದೆ. ತಾತ್ಕಾಲಿಕ ಗಿರಣಿಗೆ ಖಾಯಂ ಮಾಲೀಕರಿರುವುದು ನಿಯಮಬಾಹಿರವಾದ್ದರಿಂದ, ಸದರಿ ಗಿರಣಿಯನ್ನು ನಿಗಮವು ತನ್ನ ಸುಪರ್ದಿಗೆ ಪಡೆದಿದೆ. ಬೀಸುವ ಕೂಲಿಯನ್ನು ನಿಗಮಕ್ಕೆ ಜಮಾ ಮಾಡತಕ್ಕದ್ದು. ಅನುಭವ ಇರುವ ಸ್ಥಳೀಯರಿಗೆ ಆದ್ಯತೆ ಎಂಬ ತತ್ವದಂತೆ ಶ್ರೀಮತಿ ಸಾವಂತ್ರಮ್ಮ ಇವರನ್ನು ಗೌರವಧನದ ಮೇಲೆ ತಾತ್ಕಾಲಿಕ ಬೀಸುವ ಸಹಾಯಕಿ ಎಂದು ನೇಮಿಸಿದೆ. ಅನುದಾನ ಬಂದಾಗ ಗೌರವಧನ ಪಾವತಿಸಲಾಗುವುದು."

ಸಾವಂತ್ರಮ್ಮ ಆದೇಶ ಹಿಡಿದು ಹಂಪೇಶರ ಮುಂದೆ ನಿಂತಳು. "ನಮ್ಮ ಯಜಮಾನ್ರು ಹಾಕಿದ ಗಿರಣಿ ಇದು. ಆ ಬೀಸೋ ಕಲ್ಲು ಅವ್ರ ಹೊತ್ತು ತಂದಿದ್ರು. ಅದಕ್ಕ ನಾ ಸಹಾಯಕಿ ಅಂತ. ಏನ್ ಮಾಡ್ಲಿ ಹೇಳ್ರಿ, ಸೇರ್ಲೇನು?"

ಯಾವ ಕುರ್ಚಿಯಿಂದ ಉತ್ತರ ಕೊಡಬೇಕೆಂದು ವಕೀಲರಿಗೆ ತಿಳಿಯಲಿಲ್ಲ. ನಿಂತುಕೊಂಡೇ ಹೇಳಿದರು: "ಸೇರ್ರಿ ಅವ್ವಾ. ಮಷೀನು ತುಕ್ಕು ಹಿಡಿಯೋದಕಿಂತ ಓಡೋದು ಚಲೋ." ಹೇಳಿದ ಮೇಲೆ ನಾಚಿಕೆಯಾಯಿತು. ಅವಳ ಮುಖ ನೋಡಲಾಗದೆ ಕಿಟಕಿ ನೋಡಿದರು. ಅವಳು ಸೇರಿದಳು.

ಗಿರಣಿ ಓಡಿತು. ಓಣಿಯವರಿಗೆ ರೊಟ್ಟಿ ಸಿಕ್ಕಿತು, ಅವರೇನೂ ತಕರಾರು ಮಾಡಲಿಲ್ಲ. ಅನುದಾನ ಬರಲಿಲ್ಲ. ಹನ್ನೊಂದು ತಿಂಗಳಾದ ಮೇಲೆ, ತಾತ್ಕಾಲಿಕ ನೌಕರರನ್ನೆಲ್ಲ ಒಂದು ದಿನದ ಮಟ್ಟಿಗೆ ಕೆಲಸದಿಂದ ತೆಗೆದು ಮರುದಿನ ಹೊಸಬರೆಂದು ಸೇರಿಸಿಕೊಳ್ಳುವ ದಿನ ಬಂತು. ಪೂರ್ತಿ ವರ್ಷ ದುಡಿಸಿದರೆ ಮನುಷ್ಯ ಖಾಯಂ ಮಾಡಿರೆಂದು ಕೇಳುತ್ತಾನೆ, ಅದಕ್ಕೆ ಈ ಏರ್ಪಾಡು. ಅಂದು ಹಂಪೇಶರು ಮರೆತು ಬಸ್ಸು ಹತ್ತಿ ಸಿರುಗುಪ್ಪಕ್ಕೆ ಬಂದುಬಿಟ್ಟಿದ್ದರು. ಗಿರಣಿಯ ಎದುರಿನ ಚಹದಂಗಡಿಯ ಬೆಂಚಿನ ಮೇಲೆ ಸಾವಂತ್ರಮ್ಮ ಕೂತಿದ್ದಳು. ಪಕ್ಕದಲ್ಲಿ ಒಂದು ಡಬ್ಬಿ ತುಂಬ ಅವಳ ಮನೆಯ ಜೋಳ. ಎದುರಿಗೆ ಗಿರಣಿಗೆ ಬೀಗ.

"ನಿಮಗೂ ಇವತ್ತ ಬ್ರೇಕೇನ್ರಿ?" ಅಂದಳು.

"ಹೌದವ್ವಾ." ಹಂಪೇಶರು ಪಕ್ಕದಲ್ಲಿ ಕೂತು ಎರಡು ಚಹ ಹೇಳಿದರು.

"ಅಂದ್ರ ಇವತ್ತು ನೀವು ಅವರ ವಕೀಲ್ರೂ ಅಲ್ಲ, ನನ್ನ ವಕೀಲ್ರೂ ಅಲ್ಲ. ಸಾಹೇಬ್ರೂ ಅಲ್ಲ."

"ಇವತ್ತು ನಾ ಏನೂ ಅಲ್ಲ."

"ಹಂಗಾರ ಒಂದು ಮಾತು ಕೇಳ್ತೀನಿ, ಖರೇ ಹೇಳ್ರಿ. ಗಿರಣಿ ಯಾರದು?"

ವಕೀಲರು ರಸ್ತೆಯ ಆ ಕಡೆ ಈ ಕಡೆ ನೋಡಿದರು. ನಿಗಮದವರು ಯಾರೂ ಇರಲಿಲ್ಲ. ದನಿ ತಗ್ಗಿಸಿ ಹೇಳಿದರು: "ನಿಮ್ದ ಅವ್ವಾ. ಮೊದ್ಲಿಂದಾನೂ ನಿಮ್ದ."

ಸಾವಂತ್ರಮ್ಮ ಚಹ ಬಸಿಗೆ ಬಗ್ಗಿಸಿಕೊಂಡು ಕುಡಿದಳು. "ನನಗೂ ಹಂಗ ಅನಸ್ತಿತ್ತು," ಅಂದಳು. "ನಾಳೆ ಕೇಳಿದ್ರೂ ಹಿಂಗ ಹೇಳ್ತೀರೇನು?"

"ನಾಳೆ ಕೇಳಬ್ಯಾಡ್ರಿ ಅವ್ವಾ."

"ಆತ್ರಿ," ಎಂದು ಅವಳು ಸೆರಗು ಕೊಡವಿ ಎದ್ದಳು. ಡಬ್ಬಿ ಎತ್ತಿಕೊಂಡು ಕಾಲುವೆ ಕಡೆಯ ಅಂಜಿನಪ್ಪನ ಗಿರಣಿಗೆ ಹೋಗಿ ಪಾಳಿಯಲ್ಲಿ ನಿಂತಳು. ಅಲ್ಲಿ ಯಾರೂ ಯಾಕೆಂದು ಕೇಳಲಿಲ್ಲ.

ಮರುದಿನ ನಿಗಮವು ಅವಳನ್ನು ಹೊಸದಾಗಿ ನೇಮಿಸಿಕೊಂಡಿತು. ಹೊಸದಾಗಿ ಸೇರುವ ನೌಕರರಿಗೆ ಕೆಲಸ ಕಲಿಸತಕ್ಕದ್ದು ಎಂಬ ನಿಯಮವಿರುವುದರಿಂದ, ಗಿರಣಿಯಲ್ಲಿ ಜೋಳ ಎಲ್ಲಿ ಸುರಿಯಬೇಕು, ಹಿಟ್ಟು ಎಲ್ಲಿಂದ ಬರುತ್ತದೆ ಎಂಬುದನ್ನು ತಾತ್ಕಾಲಿಕ ತರಬೇತುದಾರರಾದ ಹಂಪೇಶ್ ವಕೀಲರು ಪುಸ್ತಕ ನೋಡಿಕೊಂಡು ಅವಳಿಗೆ ವಿವರಿಸಿದರು. ಸಾವಂತ್ರಮ್ಮ ಕೈಕಟ್ಟಿ ನಿಂತು ಗಮನವಿಟ್ಟು ಕೇಳಿದಳು. ಕೊನೆಗೆ ಒಂದೆರಡು ಅನುಮಾನಗಳನ್ನೂ ಕೇಳಿ ಬಗೆಹರಿಸಿಕೊಂಡಳು.