ಖಾಲಿ ಕುರ್ಚಿಗೆ ಬೀವರ್ ಅವರನ್ನು ಆಹ್ವಾನಿಸಿ

ಮಾನ್ಯ ಬೀವರ್ ಅವರೇ,

ತಮ್ಮ ಕಿತ್ತಳೆ ಬಣ್ಣದ ಹಲ್ಲುಗಳಿಗೂ ಚಪ್ಪಟೆ ಬಾಲಕ್ಕೂ ಟಿನ್‌ಕಪ್ ಸರೋವರದ ಪೂರ್ವ ದಡದಿಂದ ಹಿಲ್ಮಾ ತೊರ್ಕೆಲ್‌ಸನ್ ಮಾಡುವ ನಮಸ್ಕಾರಗಳು. ನೀರು ಹೊರಹರಿಯುವ ಕಡೆ ತಾವು ಹಲ್ಲಿನಿಂದಲೇ ಮರ ಕಡಿದುರುಳಿಸಿ ಅಡ್ಡಗಟ್ಟೆ ಕಟ್ಟಿದ್ದೀರಿ. ಅದಕ್ಕೆ ನನ್ನ ಅಮ್ಮ ನೆಟ್ಟ ಬರ್ಚ್ ಮರಗಳೇ ಬೇಕಾಗಿದ್ದವೇ ಎಂಬುದೂ, ಏರಿದ ನೀರಿನಲ್ಲಿ ನನ್ನ ನೆಲಮಾಳಿಗೆಯ ಆಲೂಗಡ್ಡೆಗಳು ಈಜು ಕಲಿಯುತ್ತಿವೆ ಎಂಬುದೂ ನನ್ನ ದೂರು. ಆದರೆ ಬರೆಯಲು ಕೂತರೆ ಹೊಗಳಿಕೆಯೇ ಬರುತ್ತಿದೆ, ಕ್ಷಮಿಸಿ.

ನಮ್ಮ ಸರೋವರ ಯೋಜನಾ ಆಯೋಗದ ವಿಚಾರ ತಮಗೆ ತಿಳಿಯದು. ಸುತ್ತಲಿನ ಊರುಗಳು ಅದಕ್ಕೆ ಸದಸ್ಯರನ್ನು ನೇಮಿಸುತ್ತವೆ. ನೀರಿನ ಮರ್ಮ ಬಲ್ಲವರಾಗಿರಲಿ ಎಂದು, ದಡದಲ್ಲಿ ಮನೆಯಿದ್ದವರನ್ನೇ ಆರಿಸಬೇಕು. ಸ್ವಾರ್ಥ ನುಸುಳದಿರಲಿ ಎಂದು, ದಡದ ವಿಷಯ ಬಂದಾಗ ದಡದಲ್ಲಿ ಮನೆಯಿದ್ದವರು ಎದ್ದು ಹೊರಗೆ ಹೋಗಬೇಕು. ಸರೋವರದ ಆಯೋಗಕ್ಕೆ ದಡದ ವಿಷಯ ಬಿಟ್ಟು ಬೇರೆ ಯಾವುದು ಬಂದೀತು ಸ್ವಾಮಿ?

ನನ್ನ ತಮ್ಮ ಆರ್ವಿಡ್ ಪಾರ್ಶ್ವವಾಯು ಬಡಿದು ಗಾಲಿಕುರ್ಚಿ ಹಿಡಿದಿದ್ದಾನೆ. ಹುಟ್ಟಿದಾರಭ್ಯ ಗಾಳ ಹಾಕಿದವನು ಈಗ ಜಗಲಿಯಲ್ಲಿ ಕೂತು ನೀರನ್ನು ದೂರದಿಂದ ನೋಡುತ್ತಾನೆ. ಅವನ ಕುರ್ಚಿ ನೀರಿನ ತನಕ ಇಳಿಯಲು ಒಂದು ಮರದ ಇಳಿಜಾರು ಹಾದಿ ಹಾಕಿಕೊಳ್ಳುತ್ತೇವೆಂದು ಅರ್ಜಿ ಕೊಟ್ಟೆ. ಅರ್ಜಿ ಓದಿದ ಕೂಡಲೇ ಎಲ್ಲರೂ ಕೋಟು ತೊಟ್ಟು, ಪಡಸಾಲೆಗೆ ಹೋಗಿ ಬ್ಲೂಬೆರಿ ಹಣ್ಣು ತುಂಬಿ ಬೇಯಿಸಿದ ಪೈ ತಿಂದು, ಬಾಯಿ ಒರೆಸಿಕೊಂಡು ಬಂದು, ಒಳಗೆ ಸಾಕಷ್ಟು ಜನ ಇರಲಿಲ್ಲವೆಂದು ಸಭೆ ಮುಂದೂಡಿದರು. ಪ್ರತಿ ಸಭೆಯಲ್ಲೂ ಇದೇ ಕಥೆ; ಪೈ ಮಾತ್ರ ಬೇರೆ.

"ಕೋಪ ಮಾಡ್ಕೋಬೇಡ ಹಿಲ್ಮಕ್ಕ," ಎಂದ ಅಧ್ಯಕ್ಷ ಲಾಯ್ಡ್ ಬ್ರೆಕ್ಕೆ, ನನ್ನ ಪಕ್ಕದ ಮನೆಯವನೇ. "ಈ ನಿಯಮ ಮಾಡಿದ್ದು ನಾನಲ್ಲ, ನಮ್ಮಪ್ಪ."

"ನಿಮ್ಮಪ್ಪನ ಮನೆಯೂ ದಡದಲ್ಲೇ ಇತ್ತಲ್ಲೋ! ಅವತ್ತು ಒಳಗೆ ಕೂತು ಕೈ ಎತ್ತಿದ್ದು ಯಾರು, ನಿಮ್ಮನೆ ಬೆಕ್ಕಾ?"

ಮನೆಗೆ ಬಂದರೆ ಆರ್ವಿಡ್, "ಇವತ್ತು ಯಾವ ಪೈ ಅಕ್ಕಾ?" ಎಂದ. ನಗಿಸಲೆಂದೇ ಕೇಳಿದ್ದು. ನನಗೆ ನಗು ಬರಲಿಲ್ಲ.

ಆದ್ದರಿಂದ ಆಯೋಗದಲ್ಲಿ ಖಾಲಿ ಬಿದ್ದಿರುವ ಕುರ್ಚಿಯನ್ನು ತಾವು ಅಲಂಕರಿಸಬೇಕು. ತಮ್ಮ ಮನೆ ಅರ್ಧ ದಡಕ್ಕೆ, ಅರ್ಧ ನೀರಿಗೆ ಸೇರಿದ್ದು. ನೇಮಕದ ದಿನ ದಡದ ಕಡೆ ತೋರಿಸಿ, ಮತದ ದಿನ ನೀರಿನ ಕಡೆ. ಮಾತಾಡಬೇಕಿಲ್ಲ, ಮೇಜಿನ ಕಾಲು ಕಡಿಯುತ್ತಾ ಒಳಗೇ ಕೂತಿದ್ದರೆ ಸಾಕು, ಅಷ್ಟನ್ನು ಈವರೆಗೆ ಯಾರೂ ಮಾಡಿಲ್ಲ.

ಇಷ್ಟು ಬರೆಯುವಷ್ಟರಲ್ಲಿ ತಾವು ಏರಿಸಿದ ನೀರು ನಮ್ಮ ಮೆಟ್ಟಿಲು ನುಂಗಿ ಜಗಲಿಯ ಅಂಚಿಗೆ ಬಂದಿದೆ. ಆರ್ವಿಡ್ ಕುರ್ಚಿಯಿಂದ ಏಳದೆಯೇ ಗಾಳ ಎಸೆದಿದ್ದಾನೆ. "ಅಕ್ಕಾ, ಬಾಣಲೆ ಇಡು!" ಎಂದು ಕೂಗುತ್ತಿದ್ದಾನೆ. ಬರ್ಚ್ ಮರಗಳ ಲೆಕ್ಕ ಚುಕ್ತಾ ಆಯಿತು.

ತಮ್ಮ ವಿಶ್ವಾಸಿ, ಒದ್ದೆ ಆಲೂಗಡ್ಡೆಗಳ ಒಡತಿ,
ಹಿಲ್ಮಾ ತೊರ್ಕೆಲ್‌ಸನ್

ತಾ.ಕ.: ತಮ್ಮ ಅಡ್ಡಗಟ್ಟೆ ಕೆಡವಬೇಕೆಂದು ಯಾರೋ ದೂರು ಕೊಟ್ಟು, ಮಂಗಳವಾರ ಆಯೋಗದ ಸಭೆ ಕರೆದಿದ್ದಾರಂತೆ. ಹೆದರಬೇಡಿ, ಅದೂ ದಡದ ವಿಷಯವೇ. ಪೈ ನಾನೇ ಮಾಡಿಕೊಂಡು ಹೋಗುತ್ತೇನೆ.