ವೀಸಾ ಇಲ್ಲದೆ ಅಮೆರಿಕ ನೋಡಿದ ಭಾವ

ನಮ್ಮ ಭಾವ, ಅಂದರೆ ನನ್ನ ಹೆಂಡತಿಯ ಅಣ್ಣ, ಅಮೆರಿಕವನ್ನು ಅರೆದು ಕುಡಿದವರು. ಅಲ್ಲಿಗೆ ಒಂದು ಸಲವೂ ಹೋಗಿಲ್ಲ ಅನ್ನುವುದು ಬೇರೆ ಮಾತು! ಹೋಗಿಬಂದವರಿಗಾದರೂ ಏನು ಗೊತ್ತಿರುತ್ತದೆ ಹೇಳಿ? ಜಲಪಾತದ ಮುಂದೆ ಹಲ್ಲು ಕಿರಿದು ಫೋಟೋ ತೆಗೆಸಿಕೊಂಡು ಬರುತ್ತಾರೆ. ನಮ್ಮ ಭಾವನಾದರೋ ಮೈಸೂರಿನ ತಮ್ಮ ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೂತೇ, ಅಲ್ಲಿನ ಅಂತರ್ಯುದ್ಧದಲ್ಲಿ ಯಾವ ದಂಡು ಯಾವ ಹೊಳೆ ದಾಟಿತು ಎಂದು ಮೇಜಿನ ಮೇಲೆ ಗೀಚಿ ತೋರಿಸುತ್ತಿದ್ದರು. ರಿಪೇರಿಗೆ ಕೊಟ್ಟವರ ರೇಡಿಯೋ ಮಾತ್ರ ಆ ಹೊಳೆ ದಾಟುತ್ತಲೇ ಇರಲಿಲ್ಲ.

ವೀಸಾ ಕೇಳಲು ಹೋದಾಗ ಕಿಟಕಿಯ ಹಿಂದಿದ್ದ ಅಧಿಕಾರಿ, "ಅಲ್ಲಿ ನಿಮ್ಮವರು ಯಾರಿದ್ದಾರೆ?" ಎಂದನಂತೆ.

"ಯಾರೂ ಇಲ್ಲ. ನಿಮ್ಮ ಯುದ್ಧಭೂಮಿ ನೋಡ್ಬೇಕು" ಅಂದರಂತೆ ಭಾವ.

ಮಗಳ ಬಾಣಂತನವಿಲ್ಲ, ನೆಂಟರ ಮದುವೆಯಿಲ್ಲ, ಬರೀ ಬಯಲು ನೋಡಲು ಒಬ್ಬ ರೇಡಿಯೋ ರಿಪೇರಿಯವನು ಸಮುದ್ರ ದಾಟುತ್ತಾನೆಂದರೆ ಯಾರು ನಂಬುತ್ತಾರೆ? ಅವನು ನಂಬಲಿಲ್ಲ. ನಿಜ ಹೇಳಬೇಕೆಂದರೆ, ಆ ಕುರ್ಚಿಯಲ್ಲಿ ನಾನು ಕೂತಿದ್ದರೂ ನಂಬುತ್ತಿರಲಿಲ್ಲ.

ಯಾಕೆಂದರೆ ನನ್ನ ಕಸುಬೇ ಅನುಮಾನ. ಎಸ್ಸೆಸ್ಸೆಲ್ಸಿ ಮುಗಿಸಿ ಬಸ್ ಕಂಡಕ್ಟರ್ ಆಗಿ, ಆಮೇಲೆ ಟಿಕೆಟ್ ಚೆಕಿಂಗ್ ಇನ್‌ಸ್ಪೆಕ್ಟರ್ ಆದವನು ನಾನು. ಕಣ್ಣು ಮುಚ್ಚಿದ ಪ್ರಯಾಣಿಕನನ್ನು ಕಂಡರೆ 'ಇವನಿಗೆ ನಿದ್ದೆ ಬಂದಿಲ್ಲ, ಇವನ ಹತ್ತಿರ ಟಿಕೆಟ್ ಇಲ್ಲ' ಎಂದು ನನ್ನ ಮೂಗು ಹೇಳಿಬಿಡುತ್ತಿತ್ತು. ನಾನು ನಿವೃತ್ತನಾದೆ, ಮೂಗು ಆಗಲಿಲ್ಲ. ಆ ಮೂಗು ಮಾಡಿಸಿದ ಪಾಪವನ್ನೇ ಈಗ ಹೇಳಿಕೊಳ್ಳಬೇಕು.

ಭಾವನ ಮಗ ನ್ಯೂಜಿಲೆಂಡಿನ ಅಪ್ಪರ್ ಹಟ್‌ನಲ್ಲಿ ಮನೆ ಮಾಡಿದ್ದ. ನರ್ಸಾಗಿರುವ ನನ್ನ ಮಗಳೂ ಅದೇ ಊರಿನಲ್ಲಿದ್ದಳು. ಹೆಂಡತಿ ತೀರಿಕೊಂಡ ಮೇಲೆ ಭಾವ ಇಲ್ಲಿಗೆ ಬಂದರು, ಹಿಂದೆಯೇ ನಾವು ಗಂಡ ಹೆಂಡತಿ ಇಬ್ಬರೂ ಬಂದೆವು. ಬಂದವರಿಗೆ ನಿಧಿ ಸಿಕ್ಕಿತು! ಎರಡನೆಯ ಮಹಾಯುದ್ಧದಲ್ಲಿ ಜಪಾನಿನ ವಿರುದ್ಧ ಕಾದಲು ಹೊರಟ ಅಮೆರಿಕದ ಸೈನಿಕರು ಈ ದೇಶದಲ್ಲೇ ಬೀಡು ಬಿಟ್ಟಿದ್ದರಂತೆ.

"ನೋಡಿದ್ರಾ ಇನ್‌ಸ್ಪೆಕ್ಟ್ರೇ," ಎಂದರು ಭಾವ. ನನ್ನನ್ನು ಅವರು ಕರೆಯುವುದೇ ಹಾಗೆ. "ಅವರು ನನ್ನ ಒಳಗೆ ಬಿಡ್ಲಿಲ್ಲ. ಅವರ ಚರಿತ್ರೇನೇ ನನ್ನ ಹುಡುಕ್ಕೊಂಡು ಇಲ್ಲಿಗೆ ಬಂದು ಕೂತಿದೆ!"

ಸರಿ, ಶುರುವಾಯಿತು ಯಾತ್ರೆ. ಆಕ್ಲೆಂಡ್‌ಗೆ ಮದುವೆಗೆಂದು ಹೋದರೆ, ರೇಷ್ಮೆ ಪಂಚೆಯಲ್ಲೇ ನಮ್ಮನ್ನೆಲ್ಲ ಒಂದು ಪಾರ್ಕಿಗೆ ಎಳೆದೊಯ್ದರು. ಅಲ್ಲಿ ಒಂದು ಕಾಲಕ್ಕೆ ಅಮೆರಿಕನ್ನರ ಶಿಬಿರವಿತ್ತಂತೆ. ಚಪ್ಪಲಿ ಬಿಟ್ಟು, ಕೈಮುಗಿದು ನಿಂತೇಬಿಟ್ಟರು. ನನ್ನ ಮೊಮ್ಮಗಳು ಸುತ್ತಲೂ ನೋಡಿ, "ತಾತ, ಇಟ್ಸ್ ಜಸ್ಟ್ ಗ್ರಾಸ್" ಅಂದಳು.

"ಕುರುಕ್ಷೇತ್ರದಲ್ಲಿ ಮತ್ತೇನು ಬೆಳ್ದಿದೆ ಅಂದ್ಕೊಂಡೆ ಪುಟ್ಟಿ?" ಎಂದರು ಭಾವ. ನಾವು ಛತ್ರ ಮುಟ್ಟುವ ಹೊತ್ತಿಗೆ ಮುಹೂರ್ತ ಮುಗಿದು, ಹುಡುಗ ಹುಡುಗಿ ಪಾಯಸ ಉಣ್ಣುತ್ತಿದ್ದರು.

ಇಷ್ಟಕ್ಕೇ ನಿಂತಿದ್ದರೆ ನನ್ನ ಮೂಗು ಸುಮ್ಮನಿರುತ್ತಿತ್ತು. ಆದರೆ ವೆಲ್ಲಿಂಗ್ಟನ್ ಆಚೆ, ಕಡಲ ದಂಡೆಯ ಒಂದು ಪುಟ್ಟ ಊರಿನಲ್ಲಿ, ಹಳೆಯ ಶಿಬಿರದ ಜಾಗದಲ್ಲಿ ಒಂದೇ ಕೋಣೆಯ ಮ್ಯೂಸಿಯಂ ಇದೆ. ಅದನ್ನು ನೋಡಿ ಬಂದ ಮೇಲೆ ಭಾವ ಬದಲಾದರು. ಮೊದಲೆಲ್ಲ ಕೋವಿ ಯಾವುದು, ಹಡಗು ಯಾವುದು ಎಂದು ಕೇಳುತ್ತಿದ್ದವರು ಈಗ ಎಲ್ಲಿ ಹೋದರೂ ಕೇಳುವುದು ಒಂದೇ: "ಅವರು ಏನು ತಿಂತಿದ್ರು?" ಕ್ರೈಸ್ಟ್‌ಚರ್ಚ್‌ನಲ್ಲಿ ದಕ್ಷಿಣ ಧ್ರುವಕ್ಕೆ ಹೋದ ಅಮೆರಿಕನ್ನರ ಕೋಟು ಬೂಟು ತೋರಿಸುತ್ತಾ ಒಬ್ಬ ಹುಡುಗಿ ಹಿಮದ ಕಥೆ ಹೇಳುತ್ತಿದ್ದಳು. ಭಾವ ಕೈಯೆತ್ತಿ, "ಅಮೆರಿಕದ ಹುಡುಗ್ರಿಗೆ ಸಿಹಿಯಲ್ಲಿ ಯಾವುದು ಇಷ್ಟ?" ಎಂದರು. ಪಾಪ, ಇವರಿಗೆ ಹಸಿವಾಗಿದೆ ಎಂದು ತಿಳಿದು ಅವಳು ಕ್ಯಾಂಟೀನಿನ ದಾರಿ ತೋರಿಸಿದಳು!

ಇನ್ನೂ ಒಂದಿದೆ. ಗುರುವಾರ ಬಂತೆಂದರೆ ಇಸ್ತ್ರಿ ಶರಟು, ಎಣ್ಣೆ ಹಚ್ಚಿ ಬಾಚಿದ ಕೂದಲು, ಆ ಕಡಲ ದಂಡೆಯ ಊರಿಗೆ ರೈಲು, ಅದೂ ಒಬ್ಬರೇ! ನಾನೂ ಬರುತ್ತೇನೆಂದರೆ, "ಬೇಡ ಬಿಡಿ, ನಿಮಗೆ ಬೇಜಾರಾಗುತ್ತೆ." ಆ ಮ್ಯೂಸಿಯಂ ನೋಡಿಕೊಳ್ಳುವವರು ಯಾರು ಗೊತ್ತೇ? ಸುಮಾರು ಎಪ್ಪತ್ತು ವರ್ಷದ, ನಗುಮುಖದ, ಒಂಟಿ ಹೆಂಗಸು!

"ನಿಮ್ಮಣ್ಣನ ವಿಷ್ಯ ಯಾಕೋ ಸರಿ ಕಾಣ್ತಿಲ್ಲ" ಎಂದೆ ಹೆಂಡತಿಗೆ.

"ನಮ್ಮಣ್ಣ ಅಂಥೋರಲ್ಲ ಕಣ್ರೀ."

"ಬಸ್ಸಿಂದ ಇಳಿಸೋವರೆಗೂ ಎಲ್ಲ ಪ್ಯಾಸೆಂಜರೂ ಹಂಗೇ ಅನ್ನೋದು."

"ಅವರು ಪ್ಯಾಸೆಂಜರ್ ಅಲ್ಲ. ನೀವೂ ಈಗ ಚೆಕಿಂಗ್ ಅಲ್ಲ. ಕಾಫಿ ಕುಡೀರಿ."

ಕಾಫಿ ಕುಡಿದೆ. ಕುಡಿದು ನೆಟ್ಟಗೆ ಭಾವನ ಮಗನ ಹತ್ತಿರ ಹೋದೆ. ಅನುಮಾನ ಎಂದಷ್ಟೇ ಹೇಳಿದ್ದರೆ ಅವನು ನಕ್ಕುಬಿಡುತ್ತಿದ್ದ. ಅದಕ್ಕೇ, "ಇಬ್ರೂ ಕೈ ಹಿಡ್ಕೊಂಡು ಕೂತಿದ್ದನ್ನ ನಾನೇ ಕಣ್ಣಾರೆ ನೋಡಿದೆ ಕಣಪ್ಪ" ಎಂದುಬಿಟ್ಟೆ. ನೋಡಿರಲಿಲ್ಲ. ದೇವರಾಣೆ ನೋಡಿರಲಿಲ್ಲ.

ಅಮ್ಮನನ್ನು ಕಳೆದುಕೊಂಡ ನೋವು ಇನ್ನೂ ಆರದ ಹುಡುಗ. ಅಪ್ಪನನ್ನು ಏನೂ ಕೇಳದೆ ಮೈಸೂರಿಗೆ ಟಿಕೆಟ್ ಮಾಡಿಸಿದ. "ಸ್ವಲ್ಪ ದಿನ ಊರಲ್ಲಿರಿ ಅಪ್ಪ" ಎಂದ.

"ಈ ತಿಂಗಳು ಕಳೀಲಿ ಮಗ, ಆಮೇಲೆ ಹೋಗ್ತೀನಿ" ಎಂದು ಭಾವ ಬೇಡಿಕೊಂಡರು. ಅವನು ಒಪ್ಪಲಿಲ್ಲ.

ಈ ತಿಂಗಳು ಯಾಕೆ ಕಳೆಯಬೇಕು? ಮುಂದಿನ ಗುರುವಾರ ಮಗಳ ಮಳೆಕೋಟು ತೊಟ್ಟು, ಟೋಪಿ ಎಳೆದುಕೊಂಡು, ಭಾವ ಹತ್ತಿದ ರೈಲಿನ ಕೊನೆಯ ಡಬ್ಬಿ ಹತ್ತಿದೆ. ವೆಲ್ಲಿಂಗ್ಟನ್‌ನಲ್ಲಿ ರೈಲು ಬದಲಿಸಿದೆ. ಮ್ಯೂಸಿಯಮ್ಮಿನ ಕಿಟಕಿಯ ಕೆಳಗೆ, ಗಾಳಿಗೆ ನಡುಗುತ್ತಾ ಬಗ್ಗಿ ನಿಂತೆ.

"ಒಳಗೆ ಬನ್ನಿ ಇನ್‌ಸ್ಪೆಕ್ಟ್ರೇ, ಚಳಿ!" ಮೇಲಿಂದ ಭಾವನ ದನಿ. "ಆ ಹಳದಿ ಕೋಟು ಅಪ್ಪರ್ ಹಟ್‌ನಿಂದ್ಲೇ ಕಾಣ್ತಿತ್ತು."

ಒಳಗೆ ಹೋದೆ. ಮೇಜಿನ ಆಚೆ ಆಕೆ, ಈಚೆ ಭಾವ, ನಡುವೆ ಟೀ. ಆಕೆಯ ಕಣ್ಣು ಒದ್ದೆಯಾಗಿತ್ತು. ಭಾವ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕನ್ನಡದಲ್ಲಿ ಹೇಳಿದರು.

"ಇವರ ಅಪ್ಪ ಇದೇ ಶಿಬಿರದಲ್ಲಿದ್ದ ಅಮೆರಿಕದ ಸೈನಿಕ. ಇವರು ಹುಟ್ಟೋಕ್ಮುಂಚೆ ಹಡಗು ಹತ್ತಿ ಹೋದ, ಯಾವುದೋ ದ್ವೀಪದಲ್ಲಿ ಸತ್ತ. ಇವರ ಹತ್ರ ಇರೋದು ಹೆಸರೊಂದೇ, ಫೋಟೋನೂ ಇಲ್ಲ. ನಮ್ಮಲ್ಲಿ ಪಿತೃಪಕ್ಷದಲ್ಲಿ ಎಡೆ ಇಡ್ತೀವಿ, ಸತ್ತೋರಿಗೆ ಇಷ್ಟವಾದ್ದನ್ನೆಲ್ಲ ಮಾಡಿ ಬಡಿಸ್ತೀವಿ ಅಂತ ಮಾತಿಗೆ ಹೇಳ್ದೆ. 'ನಮ್ಮಪ್ಪನಿಗೂ ಇಡಬಹುದಾ?' ಅಂದ್ರು. ಯಾಕಿಡಬಾರದು? ಆದ್ರೆ ಅವನಿಗೆ ಏನಿಷ್ಟ? ಮಗಳಿಗೇ ಗೊತ್ತಿಲ್ಲ! ಅದಕ್ಕೇ ಕಂಡ ಕಂಡಲ್ಲಿ ಕೇಳ್ತಿದೀನಿ."

"ನಮಗೆ ಹೇಳೋಕೇನಾಗಿತ್ತು ಭಾವ?"

"ಹೇಳಿದ್ರೆ ನಂಬ್ತಿದ್ರಾ?"

ನಾನು ಟೀ ಲೋಟದೊಳಗೆ ನೋಡಿದೆ.

ವಾಪಸ್ ರೈಲಿನಲ್ಲಿ ಎಲ್ಲ ಒಪ್ಪಿಕೊಂಡೆ. ಭಾವ, "ಯಾವ ಕೈ ಹಿಡ್ಕೊಂಡಿದ್ವು ಅಂದ್ರಿ?" ಎಂದರು.

"ಎಡಗೈ... ಅಂದೆ ಅನ್ಸುತ್ತೆ."

"ಬಲಗೈ ಅನ್ನೋದಲ್ವಾ? ನನ್ನ ಎಡಗೈ ವಾತಕ್ಕೆ ಮೇಲೇಳಲ್ಲ." ಎಂದು ಕಿಟಕಿಯ ಕಡೆ ತಿರುಗಿದವರು ಮನೆ ಬರುವವರೆಗೂ ಮತ್ತೆ ಮಾತಾಡಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಅಂದು ಸಂಜೆಯೇ ಅವರ ಮಗನ ಮುಂದೆ, ಸೊಸೆಯ ಮುಂದೆ, ನನ್ನ ಹೆಂಡತಿಯ ಮುಂದೆ, "ನಾನು ಸುಳ್ಳು ಹೇಳಿದೆ" ಎಂದೆ. ಪಿತೃಪಕ್ಷದ ಎಡೆಯ ವಿಷಯವನ್ನೂ ಬಿಡಿಸಿ ಹೇಳಿದೆ. ಹುಡುಗ ನನ್ನನ್ನು ನೋಡಿದ ನೋಟ ಇವತ್ತಿಗೂ ಚುಚ್ಚುತ್ತದೆ. ಆಮೇಲೆ ಅವನು ಅಪ್ಪನ ಕಾಲ ಬಳಿ ಕೂತು, "ಟಿಕೆಟ್ ಕ್ಯಾನ್ಸಲ್ ಮಾಡ್ತೀನಿ. ಮಹಾಲಯ ಅಮಾವಾಸ್ಯೆ ದಿನ ನಾನೇ ಕಾರಲ್ಲಿ ಕರ್ಕೊಂಡು ಹೋಗ್ತೀನಿ ಅಪ್ಪ" ಎಂದ.

ಅಮಾವಾಸ್ಯೆಯ ದಿನ ಆಕೆಯ ಮನೆಯಲ್ಲಿ ಎಡೆ ಇಟ್ಟೆವು. ಆ ಸೈನಿಕರು ಕರುಗಳ ಹಾಗೆ ಹಾಲು ಕುಡಿಯುತ್ತಿದ್ದರು, ಐಸ್‌ಕ್ರೀಂ ಕಂಡರೆ ಬಿಡುತ್ತಿರಲಿಲ್ಲ ಎಂದು ಊರಿನ ಮುದುಕರು ಹೇಳಿದ್ದರಂತೆ. ಹುರಿದ ಮಾಂಸ, ಅದರ ಮೇಲೊಂದು ಮೊಟ್ಟೆ, ಒಂದು ದೊಡ್ಡ ಲೋಟ ಹಾಲು, ಐಸ್‌ಕ್ರೀಂ. ನನ್ನ ಹೆಂಡತಿ ವಡೆಯನ್ನೂ ಇಟ್ಟಳು. "ನಾವು ಕರ್ದು, ವಡೆ ಇಲ್ದೆ ಕಳ್ಸೋದುಂಟಾ?" ದೀಪ ಹಚ್ಚಿ, ಆಕೆ ಅಪ್ಪನ ಹೆಸರನ್ನು ಮೆಲ್ಲಗೆ ಕರೆದರು.

ಬಂದವರು ಸಂಕೋಚವಿಲ್ಲದೆ ಉಣ್ಣಲೆಂದು ಬಾಗಿಲು ಮುಚ್ಚಿ ಹೊರಗೆ ನಿಲ್ಲುವುದು ನಮ್ಮ ಪದ್ಧತಿ. ನಿಂತೆವು. ಕಡಲ ಗಾಳಿ ಸೀರೆ, ಕೋಟು, ಕೂದಲು ಎಲ್ಲವನ್ನೂ ಎಳೆದಾಡುತ್ತಿತ್ತು. ಸ್ವಲ್ಪ ಹೊತ್ತಾದ ಮೇಲೆ ಭಾವ ಪದ್ಧತಿಯಂತೆ ಕೆಮ್ಮಿ, ಬಾಗಿಲು ತೆಗೆಯಲು ಮುಂದಾದರು.

ಆಕೆ ಅಡ್ಡ ನಿಂತರು. "ಇನ್ನೂ ಸ್ವಲ್ಪ ಹೊತ್ತು" ಎಂದರು. "ಅಪ್ಪ ನಮ್ಮ ಮನೆಗೆ ಬಂದಿರುವುದು ಇದೇ ಮೊದಲು."

ಒಳಗೆ ಐಸ್‌ಕ್ರೀಂ ಕರಗುತ್ತಿರುತ್ತದೆ ಎಂದು ಎಲ್ಲರಿಗೂ ಗೊತ್ತಿತ್ತು. ಯಾರೂ ಬಾಗಿಲು ಮುಟ್ಟಲಿಲ್ಲ.