ಕೆಳಗಿನ ಚಿಗುರು

ಭಾವನಾಳಿಗೆ ಕೂತಲ್ಲಿ ನಿಂತಲ್ಲಿ ಒಂದೇ ಚಿಂತೆ: ಗುಲಾಬಿ ಯಾಕೆ ಹೂ ಬಿಡುತ್ತಿಲ್ಲ? ಮೂರು ವರ್ಷದ ಮಗ ಸಮರ್ಥ ಎಷ್ಟು ಇಡ್ಲಿ ತಿಂದ, ಎಷ್ಟು ಉಗುಳಿದ ಎಂದು ಬರೆದಿಡುವ ಪುಸ್ತಕದಲ್ಲೇ ಗಿಡಕ್ಕೂ ಒಂದು ಪುಟ ಮೀಸಲಿತ್ತು. (ಎಲೆ ಉದುರಿದರೂ ಮೂಗು ಸೋರಿದರೂ ಯೂಟ್ಯೂಬೇ ವೈದ್ಯ.)

ಗಿಡ ತಂದದ್ದು ಹೆಬ್ಬಾಳದ ಹತ್ತಿರದ ಒಂದು ನರ್ಸರಿಯಿಂದ. ಜೊತೆಗೆ ಬಂದಿದ್ದ ಅತ್ತೆ ಪಂಕಜಮ್ಮ, "ನಮ್ ಟೆರೇಸು ಮಧ್ಯಾಹ್ನ ಕಾವಲಿ ಥರ ಕಾಯತ್ತೆ ಕಣಮ್ಮ, ನಾಟಿ ಗುಲಾಬೀನೇ ತಗೋ" ಎಂದಿದ್ದರು. ನರ್ಸರಿಯ ಮೆಹಬೂಬ್ ಪಾಷಾ ಕೂಡ ಹೌದೆಂದಿದ್ದ. ಭಾವನಾಳ ಕಣ್ಣು ಬಿದ್ದದ್ದು ಮಾತ್ರ ಬಟ್ಟಲಗಲದ ನಸುಹಳದಿ ಹೂವಿನ ಮೇಲೆ.

ಏಪ್ರಿಲ್ ಬಿಸಿಲಿಗೆ ಆ ಮಹಾರಾಣಿ ಬಾಡಿ ಕಡ್ಡಿಯಾದಳು. ಅಷ್ಟರಲ್ಲಿ ಬುಡದಿಂದ ಹೊಸ ಚಿಗುರು ಎದ್ದವು. ದಪ್ಪ, ಹಸಿರು, ಮೈತುಂಬ ಮುಳ್ಳು. ಭಾವನಾ ಹಿಗ್ಗುತ್ತಿದ್ದಾಗಲೇ ಪಂಕಜಮ್ಮ ಒಂದನ್ನು ಮುರಿದು ಎಸೆದರು.

"ಅತ್ತೆ, ಏನ್ ಮಾಡ್ತಿದೀರ?"

"ಕೆಳಗಿನ ಚಿಗುರು ಬಿಡಬಾರ್ದಮ್ಮ. ಮೇಲಿಂದನ್ನ ತಿಂದ್ಹಾಕತ್ತೆ."

"ಪಾಪ, ಈಗಿನ್ನೂ ಹುಟ್ಟಿದೆ. ಈ ಮನೇಲಿ ಬೆಳೆಯೋದನ್ನ ನಾನ್ ನೋಡ್ಕೋತೀನಿ, ಬಿಡಿ."

ಅಂದದ್ದು ಗಿಡದ ವಿಷಯಕ್ಕೆ; ಅತ್ತೆಯ ಕಿವಿಯಲ್ಲಿ ಮೊಮ್ಮಗನೂ ಅದರಲ್ಲಿ ಸೇರಿಕೊಂಡ. ಮರುದಿನವೇ ಅವರು "ನಾಲ್ಕು ದಿನ ಇದ್ದು ಬರ್ತೀನಿ" ಎಂದು ಆರ್.ಟಿ. ನಗರದ ಮಗಳ ಮನೆಗೆ ಹೊರಟರು. ಎರಡು ತಿಂಗಳಾಯಿತು. ಸಮರ್ಥ ತುತ್ತನ್ನು ಕೆನ್ನೆಯಲ್ಲಿಟ್ಟುಕೊಂಡು "ಅಜ್ಜಿ ಎಲ್ಲಿ?" ಎನ್ನುವುದು ನಿಂತಿಲ್ಲ.

"ಅಮ್ಮಂಗೆ ಒಂದ್ ಫೋನ್ ಮಾಡು" ಎಂದ ಗಂಡ ಮಹೇಂದ್ರ.

"ನೀವೇ ಮಾಡಿ."

"ನಾನ್ ದಿನಾ ಮಾಡ್ತೀನಿ. ಅವರು ಕಾಯ್ತಿರೋದು ನನ್ ಫೋನಿಗಲ್ಲ."

ಒಂದು ಹೂ ಬಿಡಲಿ, ಅದನ್ನು ನೋಡಲು ಕರೆದರೆ ಸೋತಂತಾಗದು ಎಂಬುದು ಭಾವನಾಳ ಲೆಕ್ಕಾಚಾರ. ಬಾಳೆಹಣ್ಣಿನ ಸಿಪ್ಪೆ, ಅಕ್ಕಿ ತೊಳೆದ ನೀರು ಎಂದು ರಾಜೋಪಚಾರ ಸಾಗಿತು. ಗಿಡ ಎದೆಮಟ್ಟ ಬೆಳೆಯಿತು. ಮೊಗ್ಗು ಒಂದೂ ಇಲ್ಲ. ಕೊನೆಗೆ ಒಂದು ಕೊಂಬೆ ಕತ್ತರಿಸಿ ಪಾಷಾನಿಗೇ ತೋರಿಸಿದಳು.

"ಮೇಡಂ, ಇದು ಬೇರಿನ ಕಾಡುಗಿಡ. ಅದರ ಮೇಲೆ ಕಸಿ ಕಟ್ಟಿದ್ವಲ್ಲ, ಹಳದಿ ಹೂವಿಂದು, ಅದೆಲ್ಲಿ?"

"ಒಣಗ್ದಂಗಿತ್ತು. ನಾನೇ ಕತ್ತರಿಸಿಬಿಟ್ಟೆ."

"ಕೆಳಗಿನ ಚಿಗುರು ತೆಗೀರಿ ಅಂತ ಮನೇಲಿ ದೊಡ್ಡೋರು ಯಾರೂ ಹೇಳ್ಲಿಲ್ವಾ?"

ಭಾವನಾ ಪಕ್ಕದ ಗೊಬ್ಬರದ ಚೀಲಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದಳು. ಬಾಯಿಲ್ಲದ ಗಿಡವನ್ನೇ ಹೀಗೆ ಸಾಕಿದವಳು ಮಗನನ್ನು ಹೇಗೆ ಸಾಕುತ್ತಿದ್ದಾಳೋ ಎಂಬ ಹೊಸ ಭಯ ಅಲ್ಲೇ ಹುಟ್ಟಿತು. ಅದನ್ನು ಯೂಟ್ಯೂಬಿಗೆ ಕೇಳುವಂತಿರಲಿಲ್ಲ. ನರ್ಸರಿಯ ಗೇಟಿನಲ್ಲೇ ನಿಂತು ಫೋನ್ ಮಾಡಿದಳು.

"ಅತ್ತೆ, ಇನ್ನೊಂದು ಗಿಡ ತಗೋಬೇಕಿತ್ತು. ನನಗೆ ಆರಿಸೋಕೆ ಬರಲ್ಲ. ನೀವು ಬರ್ತೀರಾ?"

ಆ ಕಡೆ ಪಂಕಜಮ್ಮ ಟೀವಿಯ ಸದ್ದು ತಗ್ಗಿಸಿದರು.

"ಗಿಡ ಹಾಳಾಗಿದ್ದು ಗೊತ್ತು ಕಣಮ್ಮ. ಮಹೇಂದ್ರ ವಾರಕ್ಕೊಂದು ಫೋಟೋ ಕಳಿಸ್ತಿದ್ದ. ಬಂದಾಗಿಂದ ನಾನು ಬಟ್ಟೆ ಬ್ಯಾಗು ಪೂರ್ತಿ ಬಿಚ್ಚೇ ಇಲ್ಲ. ಒಂದ್ ಫೋನ್ ಮಾಡೋಕೆ ಇಷ್ಟು ದಿನಾನಾ?"